ತಡವಾಗಿ ಬಂದ ಪದಕ, ಸುಟ್ಟುಹೋದ ಕಡತ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಸೇನೆಯಲ್ಲಿ ವರ್ಣಭೇದವನ್ನು ಎದುರಿಸಿ ದುಡಿದ ಕಪ್ಪು ಯೋಧರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಆ ದೇಶದಲ್ಲೇ ನೆಲೆಸಿರುವ ಓದುಗರು ಹೆಚ್ಚಾಗಿ ಕಾಗದಪತ್ರಗಳ ಬಗ್ಗೆ ಕೇಳಿದ್ದಾರೆ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಹೆನ್ರಿ ಜಾನ್ಸನ್ ಎಂಬ ಸೈನಿಕನ ಮೊದಲ ಮಹಾಯುದ್ಧದ ಸಾಹಸಕ್ಕೆ 2015ರಲ್ಲಿ ಮೆಡಲ್ ಆಫ್ ಆನರ್ ಕೊಟ್ಟರಂತೆ. ಅಷ್ಟು ತಡವೇಕೆ? ಈಗ ಕೊಟ್ಟಿದ್ದು ಬರೀ ರಾಜಕೀಯವಲ್ಲವೇ?

ಉತ್ತರ: ಅಮೆರಿಕದ ಈ ಅತ್ಯುನ್ನತ ಶೌರ್ಯ ಪದಕಕ್ಕೆ ಸೈನಿಕ ತಾನೇ ಅರ್ಜಿ ಹಾಕುವಂತಿಲ್ಲ. ಘಟನೆ ಕಂಡವರು ಅಥವಾ ಮೇಲಧಿಕಾರಿ ಶಿಫಾರಸು ಬರೆಯಬೇಕು, ಸಾಕ್ಷಿಗಳ ಹೇಳಿಕೆ ಜೊತೆಗಿಡಬೇಕು, ಅದು ಒಂದೊಂದೇ ಮೆಟ್ಟಿಲು ಹತ್ತಿ ವಾಷಿಂಗ್ಟನ್ ತಲುಪಬೇಕು. ನಡುವೆ ಯಾವುದಾದರೂ ಮೇಜಿನ ಮೇಲೆ ಕಾಗದ ನಿಂತರೆ ಕಥೆ ಅಲ್ಲಿಗೇ ಮುಗಿಯಿತು. ಕಪ್ಪು ಸೈನಿಕರನ್ನು ಬೇರೆ ತುಕಡಿಗಳಲ್ಲಿಟ್ಟು, ಮೇಲೆ ಬಹುಪಾಲು ಬಿಳಿ ಅಧಿಕಾರಿಗಳನ್ನು ಕೂರಿಸಿದ್ದ ಸೇನೆಯಲ್ಲಿ ಅಂಥ ಕಾಗದ ಹುಟ್ಟುವುದೇ ಅಪರೂಪ, ಹುಟ್ಟಿದರೂ ದೂರ ಸಾಗುವುದು ಇನ್ನೂ ಅಪರೂಪ.

ಜಾನ್ಸನ್ ಇದ್ದದ್ದು ನ್ಯೂಯಾರ್ಕಿನ 369ನೇ ಇನ್‌ಫೆಂಟ್ರಿ ರೆಜಿಮೆಂಟಿನಲ್ಲಿ. ಬಿಳಿ ತುಕಡಿಗಳ ಜೊತೆ ಇವರನ್ನು ಕಾದಾಡಲು ಬಿಡದೆ ಅಮೆರಿಕ ಇಡೀ ರೆಜಿಮೆಂಟನ್ನು ಫ್ರೆಂಚ್ ಸೇನೆಯ ಕೈಗೆ ಒಪ್ಪಿಸಿತು. 1918ರ ಮೇ 15ರ ನಸುಕಿಗೆ ಮುಂಚೆ, ಆರ್ಗಾನ್ ಕಾಡಿನ ಅಂಚಿನ ಕಾವಲು ಠಾಣೆಯಲ್ಲಿ ಜಾನ್ಸನ್ ಮತ್ತು ನೀಡಮ್ ರಾಬರ್ಟ್ಸ್ ಇಬ್ಬರೇ ಇದ್ದಾಗ ಜರ್ಮನ್ ದಾಳಿ ತಂಡವೊಂದು ಎರಗಿತು. ಗ್ರೆನೇಡುಗಳು ಮುಗಿದವು. ಫ್ರೆಂಚ್ ಬಂದೂಕಿಗೆ ಅಮೆರಿಕನ್ ತೋಟಾ ತುರುಕಲು ಹೋದಾಗ ಅದು ಸಿಕ್ಕಿಹಾಕಿಕೊಂಡಿತು. ಆಮೇಲೆ ಬಂದೂಕಿನ ಹಿಡಿಯಿಂದ, ಕೊನೆಗೆ ಮಚ್ಚಿನಂಥ ಬೋಲೋ ಕತ್ತಿಯಿಂದ ಕಾದಾಡಿ, ಗಾಯಗೊಂಡ ರಾಬರ್ಟ್ಸ್‌ನನ್ನು ಶತ್ರುಗಳು ಎಳೆದೊಯ್ಯದಂತೆ ತಡೆದ. ಮೈಮೇಲೆ 21 ಗಾಯ. ಫ್ರಾನ್ಸ್ ಅದೇ ವರ್ಷ ಕ್ರ್ವಾ ದ ಗೇರ್ ಪದಕ ಕೊಟ್ಟಿತು. ಸ್ವಂತ ದೇಶದಿಂದ ಅವನು 1929ರಲ್ಲಿ ಸಾಯುವವರೆಗೂ ಒಂದು ಶೌರ್ಯ ಪದಕವೂ ಬರಲಿಲ್ಲ.

ಎರಡೂ ಮಹಾಯುದ್ಧಗಳ ಕಾಲದಲ್ಲಿ ಒಬ್ಬನೇ ಒಬ್ಬ ಕಪ್ಪು ಸೈನಿಕನಿಗೂ ಮೆಡಲ್ ಆಫ್ ಆನರ್ ದಕ್ಕಲಿಲ್ಲ. ಫ್ರೆಡಿ ಸ್ಟವರ್ಸ್ 1918ರ ಸೆಪ್ಟೆಂಬರಿನಲ್ಲಿ ಸತ್ತಾಗ ಶಿಫಾರಸನ್ನೇನೋ ಬರೆದಿದ್ದರು, ಅದು ಕಡತದಲ್ಲೇ ಕೂತಿತ್ತು. ಪದಕ ಬಂದದ್ದು 1991ರಲ್ಲಿ, ಅವನ ಅಕ್ಕತಂಗಿಯರ ಕೈಗೆ. ಎರಡನೇ ಯುದ್ಧದ ಲೆಕ್ಕ ತೆಗೆಯಲು ಸೇನೆ 1993ರಲ್ಲಿ ಶಾ ವಿಶ್ವವಿದ್ಯಾಲಯಕ್ಕೆ ಅಧ್ಯಯನ ವಹಿಸಿತು. ಕಪ್ಪು ಸೈನಿಕರಿಗೆ ಕೊಡಬೇಡಿ ಎಂಬ ಲಿಖಿತ ಆದೇಶವೇನೂ ಸಂಶೋಧಕರಿಗೆ ಸಿಗಲಿಲ್ಲ. ಅಂಥ ಆದೇಶದ ಅಗತ್ಯವೇ ಇಲ್ಲದ ವಾತಾವರಣ ಸೇನೆಯಲ್ಲಿತ್ತು. ಹಳೆಯ ಕೃತ್ಯಗಳಿಗಿದ್ದ ಕಾಲಮಿತಿಯನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಸಡಿಲಿಸಿದ ಮೇಲೆ 1997ರ ಜನವರಿ 13ರಂದು ಏಳು ಮಂದಿಗೆ ಪದಕ ಘೋಷಣೆಯಾಯಿತು. ಅವರಲ್ಲಿ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ.

ಇದು ಅಜ್ಜನ ಕಾಲದ ಮಾತು ಎಂದುಕೊಳ್ಳುವಂತೆಯೂ ಇಲ್ಲ. ವಿಯೆಟ್ನಾಮಿನಲ್ಲಿ 1965ರ ಜೂನಿನಲ್ಲಿ ಗುಂಡೇಟು ತಿಂದೂ ತನ್ನವರನ್ನು ಹೊತ್ತು ತಂದ ಪ್ಯಾರಿಸ್ ಡೇವಿಸ್ ಅವರ ಶಿಫಾರಸು ಒಂದಲ್ಲ, ಎರಡು ಸಲ ಕಳೆದುಹೋಯಿತು. ಪದಕ ಸಿಕ್ಕಿದ್ದು 2023ರಲ್ಲಿ. ಸಮಾರಂಭದ ದಿನ ಆರಿಸುವುದರಲ್ಲಿ ರಾಜಕೀಯ ಇರಬಹುದು. ಆದರೆ ಜಾನ್ಸನ್ ಪ್ರಕರಣದಲ್ಲಿ, ಯೂರೋಪಿನಲ್ಲಿದ್ದ ಅಮೆರಿಕನ್ ಸೇನೆಯ ದಂಡನಾಯಕ ಜನರಲ್ ಪರ್ಶಿಂಗ್ ಅಂದೇ ಕಳಿಸಿದ್ದ ವರದಿ ಸಿಕ್ಕಿದ ಮೇಲಷ್ಟೇ ಕೆಲಸ ಮುಂದೆ ಸಾಗಿದ್ದು. ಸಾಕ್ಷ್ಯವಿಲ್ಲದೆ ಯಾರೂ ದಾನ ಮಾಡಿದ ಪದಕ ಅದಲ್ಲ.

ಪ್ರಶ್ನೆ: ಮೆಡಲ್ ಆಫ್ ಆನರ್, ಕಾಂಗ್ರೆಷನಲ್ ಗೋಲ್ಡ್ ಮೆಡಲ್ ಎರಡೂ ಒಂದೇನಾ?

ಉತ್ತರ: ಅಲ್ಲ. ಮೊದಲನೆಯದು ಯುದ್ಧರಂಗದ ಶೌರ್ಯಕ್ಕೆ ಒಬ್ಬ ವ್ಯಕ್ತಿಗೆ ಸಿಗುವ ಅತ್ಯುನ್ನತ ಪದಕ. ಎರಡನೆಯದು ಕಾಂಗ್ರೆಸ್ ಕಾನೂನು ಮಾಡಿ ಕೊಡುವ ಗೌರವ. ಇಡೀ ತಂಡಕ್ಕೂ ಕೊಡಬಹುದು, ಸಮವಸ್ತ್ರದ ಮೇಲೆ ಧರಿಸುವುದಲ್ಲ. ಎರಡನೇ ಯುದ್ಧದ ಕಪ್ಪು ವಿಮಾನ ಯೋಧರಾದ ಟಸ್ಕೀಗಿ ವೈಮಾನಿಕರಿಗೆ 2007ರಲ್ಲಿ ನೀಡಲಾಯಿತು. ಅದೇ ಯುದ್ಧಕಾಲದ ಕಪ್ಪು ಮೆರೀನ್ ಸೈನಿಕರಾದ ಮಾಂಟ್‌ಫೋರ್ಡ್ ಪಾಯಿಂಟ್ ಮೆರೀನ್‌ಗಳಿಗೆ 2011ರಲ್ಲಿ, 369ನೇ ರೆಜಿಮೆಂಟಿಗೆ 2021ರಲ್ಲಿ, 6888ನೇ ಅಂಚೆ ಬೆಟಾಲಿಯನ್ನಿಗೆ 2022ರಲ್ಲಿ ಕಾನೂನಾಯಿತು. ತಂಡಕ್ಕೆ ಕೊಡುವಾಗ ಟಂಕಿಸುವ ಚಿನ್ನದ ಪದಕ ಒಂದೇ, ಅದು ಸಾಮಾನ್ಯವಾಗಿ ಸ್ಮಿತ್ಸೋನಿಯನ್ ಸಂಸ್ಥೆ ಸೇರುತ್ತದೆ. ಮನೆಗಳಲ್ಲಿ ಕಾಣುವುದು ಅದರ ಕಂಚಿನ ಪ್ರತಿ.

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರು ಸಂಬಳವನ್ನೇ ಮುಟ್ಟಲಿಲ್ಲ ಎಂದು ಓದಿದೆ. ನಿಜವೇ?

ಉತ್ತರ: ಕೆಲವು ರೆಜಿಮೆಂಟುಗಳ ಮಟ್ಟಿಗೆ ನಿಜ. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಜೊತೆಗೆ ಬಟ್ಟೆ ಭತ್ಯೆ. ಕಪ್ಪು ಸೈನಿಕನಿಗೆ 10 ಡಾಲರ್, ಅದರಲ್ಲಿ ಬಟ್ಟೆಗೆಂದು 3 ಡಾಲರ್ ಮುರಿದುಕೊಂಡರೆ ಕೈಗೆ ಉಳಿಯುತ್ತಿದ್ದುದು 7. ಸಾರ್ಜೆಂಟ್ ಮೇಜರ್ ಆದರೂ ಅದೇ 7. ಮಸಾಚುಸೆಟ್ಸಿನ 54ನೇ ರೆಜಿಮೆಂಟಿನವರು ಸಮನಾಗಿ ಕೊಟ್ಟರೆ ಕೊಡಿ, ಇಲ್ಲದಿದ್ದರೆ ಬೇಡವೇ ಬೇಡ ಎಂದು ಪಟ್ಟು ಹಿಡಿದರು. ಉಳಿದ ಹಣವನ್ನು ತಾನೇ ತುಂಬಿಕೊಡುತ್ತೇನೆ ಎಂದು ರಾಜ್ಯ ಸರ್ಕಾರ ಮುಂದೆ ಬಂದಾಗಲೂ ಒಪ್ಪಲಿಲ್ಲ. ಸಂಬಳವಿಲ್ಲದೆಯೇ 1863ರ ಜುಲೈ 18ರಂದು ಫೋರ್ಟ್ ವಾಗ್ನರ್ ಕೋಟೆಗೆ ನುಗ್ಗಿದರು. ಇತ್ತ ದಕ್ಷಿಣ ಕೆರೊಲಿನಾದ 3ನೇ ರೆಜಿಮೆಂಟಿನ ಸಾರ್ಜೆಂಟ್ ವಿಲಿಯಂ ವಾಕರ್ ಇದೇ ಕಾರಣಕ್ಕೆ ತನ್ನವರಿಂದ ಆಯುಧ ಕೆಳಗಿಡಿಸಿದ. ಅದನ್ನು ದಂಗೆ ಎಂದು ಕರೆದು 1864ರ ಫೆಬ್ರವರಿ 29ರಂದು ಅವನನ್ನು ಗುಂಡಿಟ್ಟು ಕೊಂದರು.

1864ರ ಜೂನಿನಲ್ಲಿ ಸಮಾನ ವೇತನದ ಕಾನೂನು ಬಂತು, ಒಂದು ಕೊಕ್ಕೆಯೊಂದಿಗೆ. ಸೇರಿದ ದಿನದಿಂದ ಬಾಕಿ ಸಿಗಬೇಕಾದರೆ 1861ರ ಏಪ್ರಿಲ್ 19ಕ್ಕೆ ಮುಂಚೆಯೇ ಆತ ಗುಲಾಮನಾಗಿರದ ಸ್ವತಂತ್ರನಾಗಿರಬೇಕಿತ್ತು. 54ರ ಕರ್ನಲ್ ಹ್ಯಾಲೊವೆಲ್ ಇದಕ್ಕೊಂದು ಉಪಾಯ ಮಾಡಿದರು. ಆ ದಿನಕ್ಕೆ ಮುಂಚೆ ತನ್ನ ದುಡಿಮೆಯ ಮೇಲೆ ಯಾರಿಗೂ ಹಕ್ಕಿರಲಿಲ್ಲ ಎಂದು ಪ್ರಮಾಣ ಮಾಡಿಸಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನೂ ಆತ್ಮಸಾಕ್ಷಿಗೆ ಮೋಸವಾಗದಂತೆ ಹೇಳಬಹುದಾದ ಮಾತು ಅದು, ಏಕೆಂದರೆ ಆ ಹಕ್ಕು ಯಾವತ್ತೂ ಯಾರಿಗೂ ಇರಲಿಲ್ಲ.

ಪ್ರಶ್ನೆ: ಟಸ್ಕೀಗಿ ವೈಮಾನಿಕರು ಬೆಂಗಾವಲಿಗೆ ಹೋದ ಬಾಂಬರ್ ವಿಮಾನಗಳಲ್ಲಿ ಒಂದನ್ನೂ ಶತ್ರುಗಳಿಗೆ ಬಿಟ್ಟುಕೊಡಲಿಲ್ಲ ಎನ್ನುತ್ತಾರೆ. ಮಕ್ಕಳ ಭಾಷಣಕ್ಕೆ ಬರೆದುಕೊಡಬಹುದೇ?

ಉತ್ತರ: ಬೇಡ. 1945ರ ಮಾರ್ಚಿನಲ್ಲಿ ಪತ್ರಿಕೆಯೊಂದರಲ್ಲಿ ಬಂದ ಆ ಮಾತು ಬಾಯಿಂದ ಬಾಯಿಗೆ ಹಬ್ಬಿತು. ವಾಯುಪಡೆಯ ಇತಿಹಾಸಕಾರ ಡೇನಿಯಲ್ ಹಾಲ್ಮನ್ ದಿನವಹಿ ವರದಿಗಳನ್ನು ತಾಳೆ ನೋಡಿದಾಗ, ಟಸ್ಕೀಗಿಯವರ 332ನೇ ಫೈಟರ್ ಗ್ರೂಪ್ ಕಾಯುತ್ತಿದ್ದ ಬಾಂಬರ್‌ಗಳಲ್ಲಿ 27 ಶತ್ರು ವಿಮಾನಗಳಿಗೆ ಬಲಿಯಾದದ್ದು ಖಚಿತವಾಯಿತು. ಅದೇ ಹದಿನೈದನೇ ವಾಯುಸೇನೆಯ ಉಳಿದ ಮಸ್ಟ್ಯಾಂಗ್ ಯುದ್ಧವಿಮಾನ ಗ್ರೂಪುಗಳ ಸರಾಸರಿ 46. ದಂತಕಥೆಗಿಂತ ಈ ನಿಜವಾದ ಅಂಕಿಯೇ ಭಾಷಣಕ್ಕೆ ಚೆನ್ನ. ಕಪ್ಪು ಮನುಷ್ಯನಿಗೆ ಯುದ್ಧದ ಬುದ್ಧಿ, ಧೈರ್ಯ ಸಾಲದು ಎಂದು 1925ರಲ್ಲಿ ಆರ್ಮಿ ವಾರ್ ಕಾಲೇಜು ವರದಿ ಬರೆದಿತ್ತು. ಅದರ ಪಕ್ಕದಲ್ಲಿ ಈ ಅಂಕಿ ಇಡಿ.

ಅವರ ಇನ್ನೊಂದು ಹೋರಾಟ ನೆಲದ ಮೇಲಿನದು. 1945ರ ಏಪ್ರಿಲಿನಲ್ಲಿ ಇಂಡಿಯಾನಾದ ಫ್ರೀಮನ್ ಫೀಲ್ಡ್ ನೆಲೆಯಲ್ಲಿ ಬಿಳಿಯರ ಆಫೀಸರ್ಸ್ ಕ್ಲಬ್ಬಿಗೆ ಕಪ್ಪು ಅಧಿಕಾರಿಗಳು ಹೋದದ್ದಕ್ಕೆ ಬಂಧನವಾಯಿತು. ಕ್ಲಬ್ಬುಗಳನ್ನು ಬೇರೆ ಮಾಡುವ ಹೊಸ ನಿಯಮವನ್ನು ಓದಿ ಅರ್ಥಮಾಡಿಕೊಂಡಿದ್ದೇನೆ ಎಂದು ಸಹಿ ಹಾಕಿ ಎಂದರೆ 101 ಮಂದಿ ಹಾಕಲಿಲ್ಲ. ಯುದ್ಧಕಾಲದಲ್ಲಿ ಮೇಲಧಿಕಾರಿಯ ನೇರ ಆಜ್ಞೆ ಮೀರಿದರೆ ಮರಣದಂಡನೆಯೂ ಆಗಬಹುದಿತ್ತು. ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆಯಾದದ್ದು ರೋಜರ್ ಟೆರ್ರಿ ಒಬ್ಬರಿಗೆ, ಅದೂ ಒಬ್ಬ ಅಧಿಕಾರಿಯನ್ನು ತಳ್ಳಿದ್ದಕ್ಕೆ, 150 ಡಾಲರ್ ದಂಡ. ವಾಯುಪಡೆ ಅದನ್ನು ರದ್ದುಮಾಡಿದ್ದು 1995ರಲ್ಲಿ.

ಪ್ರಶ್ನೆ: ನಮ್ಮ ಮನೆಯ ಮಾಲೀಕರು ಆಫ್ರಿಕನ್ ಅಮೆರಿಕನ್. ಅವರ ಅಜ್ಜ ಎರಡನೇ ಯುದ್ಧದಲ್ಲಿ ಯೂರೋಪಿನಲ್ಲಿದ್ದರಂತೆ. ದಾಖಲೆ ಕೇಳಿದರೆ 1973ರಲ್ಲಿ ಸುಟ್ಟುಹೋಗಿದೆ ಎಂಬ ಉತ್ತರ ಬಂದಿದೆ. ಇನ್ನೇನಾದರೂ ದಾರಿಯಿದೆಯೇ?

ಉತ್ತರ: ಇದೆ, ಬೇಕಾದಷ್ಟು. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸೇವಾ ದಾಖಲೆ ಕೇಂದ್ರದ ಆರನೇ ಮಹಡಿಗೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತ ನಾಶವಾದವು. 1912ರ ನವೆಂಬರಿನಿಂದ 1960ರ ಜನವರಿಯೊಳಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ 80 ಹೋದವು. ಆಗ ವಿಮಾನದಳ ಭೂಸೇನೆಯದೇ ಅಂಗವಾಗಿದ್ದರಿಂದ ಟಸ್ಕೀಗಿಯವರದ್ದೂ ಈ ಲೆಕ್ಕಕ್ಕೇ ಬರುತ್ತದೆ. ನೌಕಾಪಡೆ, ಮೆರೀನ್ ಕಡತಗಳಿಗೆ ಈ ಬೆಂಕಿ ತಗಲಿಲ್ಲ. ಆದ್ದರಿಂದ ಅಜ್ಜ ಯಾವ ಪಡೆಯಲ್ಲಿದ್ದರು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಅರ್ಜಿಯಲ್ಲೇ ಆಗುವ ತಪ್ಪೂ ಒಂದಿದೆ. ಎಲ್ಲರೂ ಡಿಡಿ 214, ಅಂದರೆ ಸೇನೆಯಿಂದ ಬಿಡುಗಡೆಯಾದ ಪತ್ರ ಕೊಡಿ ಎನ್ನುತ್ತಾರೆ. ಆ ನಮೂನೆ ಬಂದದ್ದೇ 1950ರಲ್ಲಿ. ಎರಡನೇ ಯುದ್ಧದ ಸಿಪಾಯಿಯ ಬಿಡುಗಡೆ ಪತ್ರದ ಹೆಸರು ಡಬ್ಲ್ಯುಡಿ ಎಜಿಒ 53-55, ಅಧಿಕಾರಿಯದು 53-98. ಎಸ್‌ಎಫ್ 180 ಅರ್ಜಿಯಲ್ಲಿ ಅದನ್ನೇ ಬರೆಯಿರಿ. ಸೇವೆ ಬಿಟ್ಟು 62 ವರ್ಷ ಕಳೆದ ಕಡತ ಸಾರ್ವಜನಿಕ ದಾಖಲೆಯಾಗುತ್ತದೆ. ಹಾಗಾಗಿ ಮೊಮ್ಮಕ್ಕಳೂ ಶುಲ್ಕ ಕಟ್ಟಿ ಕೇಳಬಹುದು.

ಕಡತ ನಿಜಕ್ಕೂ ಹೋಗಿದ್ದರೆ ಕೇಂದ್ರದವರನ್ನು ಕೊನೆಯ ಸಂಬಳದ ವೋಚರಿಗೆ ಕೇಳಿ. ಸೇನಾ ಕ್ರಮಸಂಖ್ಯೆ, ಬಿಡುಗಡೆಯಾದ ದಿನ, ಸ್ಥಳ ಅದರಲ್ಲಿರುತ್ತವೆ. ಕ್ರಮಸಂಖ್ಯೆಯ ಮೊದಲ ಅಂಕೆ 1 ಆದರೆ ಸ್ವಯಂ ಸೇರಿದವರು, 3 ಆದರೆ ಕಡ್ಡಾಯ ಭರ್ತಿಯವರು. ಅನಂತರ ಅಜ್ಜನ ಊರಿನ ಕೌಂಟಿ ಕಚೇರಿಗೆ ಹೋಗಿ. ಬಿಡುಗಡೆ ಪತ್ರವನ್ನು ಅಲ್ಲಿ ನೋಂದಾಯಿಸಿಡಿ ಎಂದು ಆ ಕಾಲದ ಯೋಧರಿಗೆ ಹೇಳುತ್ತಿದ್ದರು, ಬಹಳ ಮಂದಿ ನೋಂದಾಯಿಸಿದ್ದರು. ಪೂರ್ತಿ ಪ್ರತಿ ಸಿಗುವ ಸಾಧ್ಯತೆ ಅತಿ ಹೆಚ್ಚಿರುವುದು ಇಲ್ಲೇ, ಆದರೂ ಜನ ಕೊನೆಗೆ ಹುಡುಕುವುದು ಈ ಜಾಗವನ್ನು! ತುಕಡಿಯ ಹೆಸರು ಸಿಕ್ಕಿತೆಂದರೆ ಮಾರ್ನಿಂಗ್ ರಿಪೋರ್ಟ್ ನೋಡಿ. ಯಾರು ಬಂದರು, ಯಾರು ಆಸ್ಪತ್ರೆಗೆ ಹೋದರು, ಯಾರಿಗೆ ಬಡ್ತಿಯಾಯಿತು ಎಂದು ಕಂಪನಿ ಎಂಬ ಪ್ರತಿ ಸಣ್ಣ ತುಕಡಿಯೂ ದಿನದಿನವೂ ಬರೆದಿಡುತ್ತಿದ್ದ ಹಾಳೆ ಅದು. ಕಪ್ಪು ಸಮುದಾಯದ ಪತ್ರಿಕೆಗಳಾದ ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್‌ಗಳ ಹಳೆಯ ಸಂಚಿಕೆಗಳನ್ನೂ ಬಿಡಬೇಡಿ. ಉಳಿದ ಪತ್ರಿಕೆಗಳು ಕೈಬಿಟ್ಟ ಹೆಸರುಗಳು ಅಲ್ಲಿ ಸಿಗುತ್ತವೆ.

ಒಂದು ಮಾತು: ಅಜ್ಜ ಟ್ಯಾಂಕಿನಲ್ಲಿ ಕಾದಾಡಿದರು ಎಂದುಕೊಂಡವರಿಗೆ ಕಡತದಲ್ಲಿ ಕ್ವಾರ್ಟರ್‌ಮಾಸ್ಟರ್ (ಸರಬರಾಜು) ಟ್ರಕ್ ಕಂಪನಿ ಎಂದು ಕಂಡು ನಿರಾಸೆಯಾಗುವುದುಂಟು. ಕಪ್ಪು ಸೈನಿಕರಲ್ಲಿ ಬಹುಪಾಲು ಜನರನ್ನು ಸಾಗಣೆ, ರಸ್ತೆ, ಹಡಗು ಇಳಿಸುವ ಕೆಲಸಕ್ಕೇ ಹಾಕಿದ್ದರು. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ನಡೆದ ರೆಡ್ ಬಾಲ್ ಎಕ್ಸ್‌ಪ್ರೆಸ್ ಸಾಗಣೆಯ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಇವರೇ. ಆ ಟ್ರಕ್ಕುಗಳ ಪೆಟ್ರೋಲ್ ಇಲ್ಲದೆ ಟ್ಯಾಂಕುಗಳು ಒಂದು ಮೈಲಿಯೂ ಹೋಗುತ್ತಿರಲಿಲ್ಲ.

ಪ್ರಶ್ನೆ: ಅದೇ ಕಾಲದ ಒಬ್ಬರ ಬಿಡುಗಡೆ ಪತ್ರ ನೀಲಿ ಬಣ್ಣದ್ದು, ಅದರಲ್ಲಿ ಗೌರವಯುತ ಎಂದಿಲ್ಲ. ಅವರು ತೀರಿಕೊಂಡಿದ್ದಾರೆ. ಈಗ ಸರಿಪಡಿಸಬಹುದೇ?

ಉತ್ತರ: ಪ್ರಯತ್ನಿಸಬಹುದು. ಗೌರವಯುತವೂ ಅಲ್ಲ, ಅಗೌರವದ್ದೂ ಅಲ್ಲ ಎಂಬ ಈ ನೀಲಿ ಪತ್ರವನ್ನು ವಿಚಾರಣೆಯಿಲ್ಲದೆ ಕೊಡಬಹುದಿತ್ತು. 1941ರ ಡಿಸೆಂಬರಿನಿಂದ 1945ರ ಜೂನ್‌ವರೆಗೆ ಭೂಸೇನೆ ಹಂಚಿದ 48,603 ನೀಲಿ ಪತ್ರಗಳಲ್ಲಿ 10,806 ಕಪ್ಪು ಸೈನಿಕರ ಕೈಸೇರಿದವು. ಅಂದರೆ ಶೇ 22, ಸೇನೆಯಲ್ಲಿ ಅವರ ಪಾಲು ಶೇ 6.5ರಷ್ಟಿದ್ದಾಗ! ಇಂಥ ಪತ್ರ ಹಿಡಿದು ಬಂದವರಿಗೆ, ಯುದ್ಧದಿಂದ ಮರಳಿದವರ ಓದು, ಸಾಲಕ್ಕೆ ನೆರವಾಗುವ ಜಿಐ ಬಿಲ್ ಕಾನೂನಿನ ಸೌಲಭ್ಯಗಳು ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಸರಿಯಾದ ಪತ್ರವಿದ್ದವರ ಪಾಡೂ ಅಷ್ಟಕ್ಕಷ್ಟೆ. ಸರ್ಕಾರ ಸಾಲಕ್ಕೆ ಬರೀ ಖಾತರಿ ನಿಲ್ಲುತ್ತಿತ್ತು, ಕೊಡುವುದು ಬಿಡುವುದು ಊರಿನ ಬ್ಯಾಂಕಿನವರ ಮರ್ಜಿ. ಮಿಸಿಸಿಪಿಯ 13 ನಗರಗಳಲ್ಲಿ ಎಬನಿ ಪತ್ರಿಕೆ 1947ರಲ್ಲಿ ಲೆಕ್ಕ ಹಾಕಿದಾಗ ಅಂಥ 3,229 ಸಾಲಗಳಲ್ಲಿ ಕಪ್ಪು ಯೋಧರಿಗೆ ಸಿಕ್ಕಿದ್ದು ಎರಡು.

ಬಿಡುಗಡೆಯಾಗಿ 15 ವರ್ಷದೊಳಗಾದರೆ ಡಿಡಿ 293 ನಮೂನೆ. ಈ ಪ್ರಕರಣಕ್ಕೆ ಆ ಅವಧಿ ಎಂದೋ ಮುಗಿದಿದೆ. ಆದ್ದರಿಂದ ಡಿಡಿ 149 ನಮೂನೆಯಲ್ಲಿ ಸೇನಾ ದಾಖಲೆ ತಿದ್ದುಪಡಿ ಮಂಡಳಿಗೆ ಬರೆಯಬೇಕು. ಮೂರು ವರ್ಷದ ಮಿತಿ ಇದಕ್ಕೂ ಇದೆ, ಆದರೆ ನ್ಯಾಯದ ದೃಷ್ಟಿಯಿಂದ ಮಂಡಳಿ ಅದನ್ನು ಮನ್ನಿಸಬಹುದು. ಏಕೆ ಮನ್ನಿಸಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಸತ್ತವರ ಪರವಾಗಿ ಹೆಂಡತಿ, ಮಕ್ಕಳು ಅಥವಾ ಕಾನೂನಿನ ವಾರಸುದಾರರು ಮರಣ ಪತ್ರದೊಂದಿಗೆ ಅರ್ಜಿ ಹಾಕಬೇಕು. ಮನೆಯ ಬಾಡಿಗೆದಾರರು, ಗೆಳೆಯರು ಹಾಕುವಂತಿಲ್ಲ, ಕಾಗದ ಜೋಡಿಸಲು ನೆರವಾಗಬಹುದು.

ಇಂಥ ಅರ್ಜಿ ಬೀಳುವುದು ಎಲ್ಲಿ ಎಂದರೆ, ಆಗ ಸೇನೆಯಲ್ಲಿ ವರ್ಣಭೇದವಿತ್ತು ಎಂಬಲ್ಲಿಗೇ ವಾದ ನಿಲ್ಲಿಸಿದಾಗ. ಈ ಮನುಷ್ಯನಿಗೆ, ಈ ದಿನ, ಈ ಅಧಿಕಾರಿಯಿಂದ ಏನಾಯಿತು ಎಂಬುದು ಬೇಕು. ಅದೇ ಕಂಪನಿಯಲ್ಲಿ ಅದೇ ತಪ್ಪಿಗೆ ಬೇರೆಯವರಿಗೆ ಏನು ಶಿಕ್ಷೆಯಾಯಿತು ಎಂದು ಮಾರ್ನಿಂಗ್ ರಿಪೋರ್ಟಿನಿಂದ ತೋರಿಸಿದರೆ ಬಲ ಬರುತ್ತದೆ. ದೊಡ್ಡ ಪ್ರಕರಣಗಳು ಗೆದ್ದದ್ದೂ ಹೀಗೆ ಕಡತ ಕೆದಕಿಯೇ: 1917ರಲ್ಲಿ ಹ್ಯೂಸ್ಟನ್ ನಗರದ ಗಲಭೆಗಾಗಿ ಕಪ್ಪು ಸೈನಿಕರಿಗೆ ವಿಧಿಸಿದ್ದ 110 ಶಿಕ್ಷೆಗಳನ್ನು 2023ರಲ್ಲಿ ಸೇನೆ ರದ್ದುಮಾಡಿತು, ಅಷ್ಟರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿ ನೂರು ವರ್ಷ ಕಳೆದಿತ್ತು. 1944ರಲ್ಲಿ ಪೋರ್ಟ್ ಷಿಕಾಗೊ ಬಂದರಿನ ಸ್ಫೋಟದಲ್ಲಿ 320 ಜನ ಸತ್ತ ಮೇಲೆ ಮದ್ದುಗುಂಡು ಹೇರಲು ಒಪ್ಪದೆ ಶಿಕ್ಷೆಗೊಳಗಾದ ನಾವಿಕರು ನಿರ್ದೋಷಿಗಳಾದದ್ದು 2024ರಲ್ಲಿ.

ಪ್ರಶ್ನೆ: 6888ನೇ ಬೆಟಾಲಿಯನ್ನಿನ ಮಹಿಳೆಯರು ಬರೀ ಕಾಗದ ವಿಂಗಡಿಸಿದ್ದಕ್ಕೆ ಅಷ್ಟು ದೊಡ್ಡ ಗೌರವವೇ?

ಉತ್ತರ: ಬರೀ ಅಲ್ಲ. 1945ರ ಫೆಬ್ರವರಿಯಲ್ಲಿ ಮೇಜರ್ ಚಾರಿಟಿ ಆಡಮ್ಸ್ ನೇತೃತ್ವದಲ್ಲಿ ಇವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ತಲುಪಿದಾಗ ಲಕ್ಷಾಂತರ ಪತ್ರ, ಪೊಟ್ಟಣ ತಿಂಗಳುಗಟ್ಟಲೆ ಕೊಳೆಯುತ್ತಿದ್ದವು. ಗೋದಾಮಿಗೆ ಬಿಸಿಯಿಲ್ಲ, ವಿಮಾನ ದಾಳಿಯ ಭಯಕ್ಕೆ ಕಿಟಕಿಗಳಿಗೆ ಕಪ್ಪು ಬಳಿದಿತ್ತು, ಹಳಸಿದ ಕೇಕಿನ ಪೊಟ್ಟಣಗಳಿಗೆ ಇಲಿಗಳು ಮುತ್ತಿದ್ದವು. ತುಕಡಿಗಳು ದಿನಕ್ಕೊಂದು ಊರಿಗೆ ಸರಿಯುತ್ತಿದ್ದರಿಂದ ಲಕೋಟೆಯ ಮೇಲಿನ ವಿಳಾಸ ಕೆಲಸಕ್ಕೆ ಬಾರದು. ಇವರು ಸುಮಾರು 70 ಲಕ್ಷ ಕಾರ್ಡುಗಳ ಸೂಚಿ ಇಟ್ಟರು. ರಾಬರ್ಟ್ ಸ್ಮಿತ್ ಎಂಬ ಒಂದೇ ಹೆಸರಿನವರು 7,500 ಜನ, ಅವರನ್ನು ಕ್ರಮಸಂಖ್ಯೆಯಿಂದ ಬೇರ್ಪಡಿಸಬೇಕು. ಸತ್ತವರ ಪತ್ರಗಳನ್ನು ಬೇರೆಯಾಗಿಟ್ಟು ವಾಪಸು ಕಳಿಸಬೇಕು. ಎಂಟೆಂಟು ಗಂಟೆಯ ಮೂರು ಪಾಳಿ, ಪಾಳಿಗೆ ಸುಮಾರು 65,000 ಪತ್ರ. ಆರು ತಿಂಗಳು ಬೇಕೆಂದಿದ್ದ ಕೆಲಸ ಮೂರು ತಿಂಗಳಿಗೆ ಮುಗಿಯಿತು. ಆಮೇಲೆ ಫ್ರಾನ್ಸಿನ ರುವಾನ್‌ನಲ್ಲಿ ಮೂವರು ಜೀಪ್ ಅಪಘಾತದಲ್ಲಿ ತೀರಿಕೊಂಡಾಗ ಶವಸಂಸ್ಕಾರಕ್ಕೆ ಇಲಾಖೆಯಿಂದ ಹಣ ಬರಲಿಲ್ಲ, ಜೊತೆಗಾರ್ತಿಯರೇ ಚಂದಾ ಎತ್ತಿದರು. 855 ಮಂದಿಯ ಈ ಬೆಟಾಲಿಯನ್ ಊರಿಗೆ ಮರಳಿದಾಗ ಮೆರವಣಿಗೆಯೂ ಇರಲಿಲ್ಲ, ಸಮಾರಂಭವೂ ಇರಲಿಲ್ಲ.

ಪ್ರಶ್ನೆ: ಹಳೆಯ ಚರ್ಚಿನ ಸ್ಮಶಾನವೊಂದರಲ್ಲಿ ಅಂತರ್ಯುದ್ಧದ ಕಪ್ಪು ಸೈನಿಕರ ಸಮಾಧಿಗಳಿವೆ. ಕೆಲವಕ್ಕೆ ಕಲ್ಲಿಲ್ಲ, ಕೆಲವು ಪಾಚಿಗಟ್ಟಿವೆ. ಸ್ವಯಂಸೇವಕರಾಗಿ ನಾವೇನು ಮಾಡಬಹುದು?

ಉತ್ತರ: ಕಲ್ಲಿಲ್ಲದ ಸಮಾಧಿಗೆ ಅಮೆರಿಕದ ನಿವೃತ್ತ ಯೋಧರ ಇಲಾಖೆ (ವೆಟರನ್ಸ್ ಅಫೇರ್ಸ್) ಕಲ್ಲನ್ನೂ ಸಾಗಣೆಯನ್ನೂ ಉಚಿತವಾಗಿ ಕೊಡುತ್ತದೆ. ನಮೂನೆ 40-1330. 1917ರ ಏಪ್ರಿಲ್ 6ಕ್ಕೆ ಮುಂಚೆ ಸೇವೆ ಮುಗಿಸಿದವರಾದರೆ ಸಂಬಂಧಿಕರೇ ಆಗಬೇಕಿಲ್ಲ, ಯಾರೂ ಅರ್ಜಿ ಹಾಕಬಹುದು. ಸೇವೆಯ ಪುರಾವೆ ಮತ್ತು ಸ್ಮಶಾನದವರ ಒಪ್ಪಿಗೆ ಬೇಕು. ಹೆಸರಿನಲ್ಲಿ ಎಡವುವವರೇ ಹೆಚ್ಚು. ಗುಲಾಮಗಿರಿಯಿಂದ ಬಂದ ಎಷ್ಟೋ ಮಂದಿ ಒಡೆಯನ ಮನೆತನದ ಹೆಸರಿನಲ್ಲಿ ಸೇನೆಗೆ ಸೇರಿ, ಯುದ್ಧದ ನಂತರ ಅದನ್ನು ಬದಲಾಯಿಸಿಕೊಂಡರು. ಪಿಂಚಣಿ ಸೂಚಿಯ ಕಾರ್ಡಿನಲ್ಲಿ ಎರಡೂ ಹೆಸರು ಇರುತ್ತವೆ, ಅದನ್ನು ನೋಡದೆ ಅರ್ಜಿ ಕಳಿಸಬೇಡಿ.

ನೆಟ್ಟಗೆ ನಿಲ್ಲುವ ಅಮೃತಶಿಲೆಯ ಕಲ್ಲು 42 ಇಂಚು ಉದ್ದ, 13 ಇಂಚು ಅಗಲ, 4 ಇಂಚು ದಪ್ಪ, ತೂಕ ಸುಮಾರು 104 ಕಿಲೊ. ನೆಡುವ ಖರ್ಚು ನಿಮ್ಮದು. ಅರ್ಧಕ್ಕೆ ತುಸು ಕಡಿಮೆ ಭಾಗ ನೆಲದೊಳಗಿರಬೇಕು. ಸುತ್ತ ಮಣ್ಣು, ಜಲ್ಲಿ ಬಿಗಿಯಾಗಿ ಗಿಡಿದರೆ ಸಾಕು, ಕಾಂಕ್ರೀಟ್ ಸುರಿದರೆ ಮುಂದೆ ಕಲ್ಲು ಬಿರುಕು ಬಿಡುತ್ತದೆ.

ತೊಳೆಯುವ ಮುಂಚೆ ಕಲ್ಲನ್ನು ಬೆರಳಿನಿಂದ ಸವರಿ ನೋಡಿ. ಸಕ್ಕರೆಯಂತೆ ಹರಳು ಉದುರಿದರೆ ಅದನ್ನು ಮುಟ್ಟಬೇಡಿ. ಗಟ್ಟಿಯಿದ್ದರೆ ಚೆನ್ನಾಗಿ ನೀರು ಹನಿಸಿ, ಮೆತ್ತನೆಯ ನೈಲಾನ್ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣ ಭಾಗದ ಮೇಲೆ ಇಳಿದು ಗೆರೆ ಕಟ್ಟುತ್ತದೆ. ಪಾಚಿಗೆ ಡಿ/2 ಎಂಬ ದ್ರಾವಣ ಹಚ್ಚಿ 10ರಿಂದ 15 ನಿಮಿಷ ಬಿಟ್ಟು, ಒಣಗಗೊಡದೆ ಉಜ್ಜಿ ತೊಳೆಯಿರಿ. ಅಂದೇ ಬೆಳ್ಳಗಾಗಲಿಲ್ಲವೆಂದು ಮತ್ತೆ ಮತ್ತೆ ತಿಕ್ಕಬೇಡಿ, ಅದು ವಾರಗಟ್ಟಲೆ ತಾನೇ ಕೆಲಸ ಮಾಡುತ್ತದೆ. ಬ್ಲೀಚ್ ಬೇಡ, ಅದರ ಉಪ್ಪು ಕಲ್ಲಿನ ರಂಧ್ರದಲ್ಲಿ ಹರಳುಗಟ್ಟಿ ಮೈಯನ್ನು ಒಳಗಿನಿಂದ ಒಡೆಯುತ್ತದೆ. ವಿನಿಗರ್ ಅಮೃತಶಿಲೆಯನ್ನೇ ಕರಗಿಸುತ್ತದೆ. ತಂತಿ ಬ್ರಷ್, ಪ್ರೆಷರ್ ವಾಷರ್ ಅಕ್ಷರಗಳನ್ನು ಸವೆಸುತ್ತವೆ. ಹೆಪ್ಪುಗಟ್ಟುವ ಚಳಿಯಲ್ಲಿ ಈ ಕೆಲಸ ಬೇಡ. ಮಸುಕಾದ ಬರಹ ಓದಲು ಸೀಮೆಸುಣ್ಣ ಬಳಿಯುವ ಬದಲು ಕನ್ನಡಿ ಹಿಡಿದು ಓರೆಯಾಗಿ ಬಿಸಿಲು ಬೀಳಿಸಿ.

ಪ್ರಶ್ನೆ: ಅಲ್ಲಿಯ ಶಾಲೆಯಲ್ಲಿ ಕಪ್ಪು ಯೋಧರನ್ನು ಕರೆದು ಸನ್ಮಾನಿಸಬೇಕೆಂದಿದ್ದೇವೆ. ಮೇ ತಿಂಗಳ ಮೆಮೋರಿಯಲ್ ಡೇ ಸರಿಯಾದ ದಿನವೇ?

ಉತ್ತರ: ಅಲ್ಲ, ಮೇ ತಿಂಗಳ ಕೊನೆಯ ಸೋಮವಾರ ಯುದ್ಧದಲ್ಲಿ ಮಡಿದವರ ದಿನ. ಅಂದು ಬದುಕಿರುವವರಿಗೆ ಹಾರ ಹಾಕಿದರೆ ಅವರಿಗೇ ಮುಜುಗರ. ಆ ದಿನ ಮಕ್ಕಳಿಗೆ 1865ರ ಮೇ 1ರ ಚಾರ್ಲ್‌ಸ್ಟನ್ ವಿಷಯ ಹೇಳಿ. ಕುದುರೆ ಜೂಜಿನ ಮೈದಾನದಲ್ಲಿ ಒಟ್ಟಿಗೆ ಹೂತಿದ್ದ ಅಂತರ್ಯುದ್ಧದ ಉತ್ತರ ಪಕ್ಷದ 257 ಸೈನಿಕರಿಗೆ, ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಕಪ್ಪು ಜನ ಬೇರೆ ಬೇರೆ ಸಮಾಧಿ ತೋಡಿ, ಬೇಲಿ ಕಟ್ಟಿ, ಸಾವಿರಾರು ಮಂದಿ ಹೂ ಹಿಡಿದು ಬಂದಿದ್ದರು. ಸನ್ಮಾನಕ್ಕೆ ನವೆಂಬರ್ 11ರ ವೆಟರನ್ಸ್ ಡೇ ಇಟ್ಟುಕೊಳ್ಳಿ. ಕರೆಯುವ ಮುಂಚೆ ಅವರ ತುಕಡಿ, ಸೇವೆಯ ವರ್ಷ, ಪದಕಗಳ ಹೆಸರನ್ನು ಅವರಿಂದಲೇ ಬರೆಸಿಕೊಂಡು, ಪರಿಚಯದ ಕಾಗದವನ್ನು ಅವರಿಗೆ ಒಮ್ಮೆ ತೋರಿಸಿ ಮುದ್ರಿಸಿ.